ಅಧಿಕಾರ ಮತ್ತು ಆಶ್ರಯ: ಪಂಡಿತಾ ರಮಾಬಾಯಿಯವರ ಬರಹಗಳಲ್ಲಿ ಚರ್ಚಿನ ಪ್ರಶ್ನೆ

ಇಂಗ್ಲಿಷಿನ ‘ಚರ್ಚ್’ ಎಂಬ ಒಂದು ಪದಕ್ಕೆ ಕನ್ನಡದಲ್ಲಿ ಹಲವು ಪದಗಳು ಬಳಕೆಯಲ್ಲಿವೆ. ಕರಾವಳಿಯ ಕಥೋಲಿಕರ ಬಾಯಲ್ಲಿ ಪೋರ್ಚುಗೀಸಿನಿಂದ ಕೊಂಕಣಿಯ ಮೂಲಕ ಬಂದ ‘ಇಗರ್ಜಿ’ ಇದೆ. ಕಥೋಲಿಕರ ಧಾರ್ಮಿಕ ಬರವಣಿಗೆಯಲ್ಲಿ ‘ಧರ್ಮಸಭೆ’ ಇದೆ. ಪ್ರಾಟೆಸ್ಟಂಟರ ಬೈಬಲು ‘ಸಭೆ’ ಎನ್ನುತ್ತದೆ. ಕಟ್ಟಡವನ್ನೇ ಹೇಳಬೇಕಾದಾಗ ‘ದೇವಾಲಯ’ ಬರುತ್ತದೆ. ಇವೆಲ್ಲದರ ಮೇಲೆ ದಿನಬಳಕೆಯ ‘ಚರ್ಚು’ ಇದ್ದೇ ಇದೆ. ನೆರೆಯ ಮರಾಠಿಯ ಬೈಬಲು ‘ಮಂಡಳಿ’ ಎಂಬ ಪದವನ್ನು ಆರಿಸಿಕೊಂಡಿತು. ಸಭೆ, ಮಂಡಳಿ ಎಂಬ ಈ ಆಯ್ಕೆಗಳು ಮೂಲ ಗ್ರೀಕಿನ ‘ಎಕ್ಲೇಸಿಯ’ ಎಂಬ ಪದಕ್ಕೆ ನಿಷ್ಠವಾದವು. ಅಲ್ಲಿ ಆ ಪದದ ಅರ್ಥ ಕಟ್ಟಡವಲ್ಲ, ಕರೆಯಲ್ಪಟ್ಟು ಕೂಡಿದ ಜನ. ಇಂಗ್ಲಿಷಿನ ‘ಚರ್ಚ್’ ಆದರೋ ‘ಕರ್ತನಿಗೆ ಸೇರಿದ್ದು’ ಎಂಬರ್ಥದ ಬೇರೊಂದು ಗ್ರೀಕ್ ಪದದಿಂದ ಬಂದದ್ದು. ಒಂದು ಪದ ಜನರ ಕೂಟವನ್ನು ಹೇಳುತ್ತದೆ, ಇನ್ನೊಂದು ಒಡೆತನವನ್ನು ಹೇಳುತ್ತದೆ. ಕ್ರೈಸ್ತ ಜೀವನದಲ್ಲಿ ಚರ್ಚು ಏತಕ್ಕೆ ಬೇಕು ಎಂಬ ಪ್ರಶ್ನೆ ಈ ಎರಡರ ನಡುವಿನ ಬಿರುಕಿನಲ್ಲಿಯೇ ಹುಟ್ಟುತ್ತದೆ ಎಂದು ನಮಗೆ ತೋರುತ್ತದೆ.

ಗಮನಿಸಬೇಕಾದ ಮತ್ತೊಂದು ಸಂಗತಿಯಿದೆ. ನಾಲ್ಕು ಸುವಾರ್ತೆಗಳಲ್ಲಿ ‘ಎಕ್ಲೇಸಿಯ’ ಎಂಬ ಪದ ಕಾಣಿಸಿಕೊಳ್ಳುವುದು ಮತ್ತಾಯನ ಸುವಾರ್ತೆಯ ಎರಡು ಸಂದರ್ಭಗಳಲ್ಲಿ ಮಾತ್ರ. ಒಂದರಲ್ಲಿ ಪೇತ್ರನೆಂಬ ಬಂಡೆಯ ಮೇಲೆ ಅದನ್ನು ಕಟ್ಟುವ ಮಾತಿದೆ. ಇನ್ನೊಂದರಲ್ಲಿ ತಪ್ಪು ಮಾಡಿದ ಸಹೋದರನ ದೂರನ್ನು ಅದರ ಮುಂದಿಡುವ ಮಾತಿದೆ. ಯೇಸು ಹೆಜ್ಜೆಹೆಜ್ಜೆಗೂ ಆಡುವುದು ದೇವರ ರಾಜ್ಯದ ಮಾತನ್ನು. ಆದ್ದರಿಂದ ಕ್ರಿಸ್ತನಿದ್ದರೆ ಸಾಲದೆ, ಚರ್ಚು ಏಕೆ ಎಂದು ಕೇಳಿದವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಅವರನ್ನು ಧರ್ಮದ್ರೋಹಿಗಳೆಂದು ಸುಮ್ಮನೆ ತಳ್ಳಿಹಾಕುವಂತಿಲ್ಲ. ಇಂಡಿಯದಲ್ಲಿ ಈ ಪ್ರಶ್ನೆಗೆ ವಿಶೇಷ ತೀವ್ರತೆ ಬಂತು. ಇಲ್ಲಿ ದೀಕ್ಷಾಸ್ನಾನವೆಂಬುದು ನಂಬಿಕೆಯ ಬದಲಾವಣೆಯಷ್ಟೇ ಆಗಿರದೆ ಮನೆಯಿಂದ, ಜಾತಿಯಿಂದ, ಅನೇಕ ವೇಳೆ ಜೀವನೋಪಾಯದಿಂದಲೂ ಹೊರಬೀಳುವುದಾಗಿತ್ತು.

ಈ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಕೇಳಿದವರು ಪಂಡಿತಾ ರಮಾಬಾಯಿಯವರು. ಅವರು ೧೮೫೮ರಲ್ಲಿ ಹುಟ್ಟಿದ್ದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರ ಊರು ಕಾರ್ಕಳದ ಬಳಿಯ ಮಾಳ. ಇದನ್ನು ಹಿಡಿದುಕೊಂಡು ಅವರನ್ನು ‘ನಮ್ಮವರು’ ಎಂದು ಹೇಳಿಕೊಳ್ಳುವ ಲೇಖನಗಳು ಕನ್ನಡದಲ್ಲಿ ಆಗಾಗ ಬರುತ್ತವೆ. ಕೈಗೂಸಾಗಿದ್ದಾಗಲೇ ಬೆತ್ತದ ಪೆಟ್ಟಿಗೆಯಲ್ಲಿ ಆಳಿನ ತಲೆಯ ಮೇಲೆ ಕೂತು ಘಟ್ಟವಿಳಿದು ಹೋದ ಮಗುವಿನ ಮೇಲೆ ನಾಡು ಎಷ್ಟು ಹಕ್ಕು ಸಾಧಿಸಬಹುದು ಎಂಬುದು ಬೇರೆಯೇ ಮಾತು. ಅವರ ಬಗೆಗಿನ ಆಕರಗಳು ಮರಾಠಿಯಲ್ಲಿವೆ, ಇಂಗ್ಲಿಷಿನಲ್ಲಿವೆ. ಅವರು ಬದುಕಿದ ಜಾಗಗಳು ಮುಂಬಯಿ, ಪುಣೆ, ಕೇಡಗಾಂವ್. ಹೊರನಾಡಿನಲ್ಲಿ ಕುಳಿತು ಸಂಶೋಧನೆ ನಡೆಸುವ ನಮ್ಮಂಥವರು ಈ ಆಕರಗಳನ್ನು ಕನ್ನಡದ ಪ್ರಶ್ನೆಗಳೊಂದಿಗೆ ಓದಬೇಕಾಗಿದೆ. ಹಕ್ಕು ಸಾಧಿಸುವುದಕ್ಕಿಂತ ಅದು ಹೆಚ್ಚು ಉಪಯುಕ್ತ.

ಪ್ರಸ್ತುತ ಲೇಖನ ಮುಖ್ಯವಾಗಿ ಎರಡು ಪಠ್ಯಗಳನ್ನು ಆಧರಿಸಿದೆ. ಒಂದು, ಸಿಸ್ಟರ್ ಜೆರಾಲ್ಡೀನ್ ಸಂಕಲಿಸಿ, ಎ. ಬಿ. ಶಾಹ ಸಂಪಾದಿಸಿ, ೧೯೭೭ರಲ್ಲಿ ಮಹಾರಾಷ್ಟ್ರ ರಾಜ್ಯ ಸಾಹಿತ್ಯ ಮತ್ತು ಸಂಸ್ಕೃತಿ ಮಂಡಳಿಯಿಂದ ಪ್ರಕಟವಾದ ರಮಾಬಾಯಿಯವರ ಪತ್ರವ್ಯವಹಾರ. ಇನ್ನೊಂದು, ೧೯೦೭ರಲ್ಲಿ ಅವರೇ ಬರೆದ ಆತ್ಮಸಾಕ್ಷ್ಯ. ಮೊದಲನೆಯದು ಚರ್ಚಿನೊಡನೆ ಜಗಳವಾಡುವ ಪಠ್ಯ. ಎರಡನೆಯದು ವಿಶ್ವಾಸದ ಸಾಕ್ಷ್ಯ. ವಿಮರ್ಶಕರು ಸಾಮಾನ್ಯವಾಗಿ ಒಂದನ್ನು ಹಿಡಿದು ಇನ್ನೊಂದನ್ನು ಬಿಡುತ್ತಾರೆ. ಇವೆರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಚರ್ಚಿನ ಪ್ರಯೋಜನದ ಬಗ್ಗೆ ಬೇರೊಂದು ವಾದ ಕಾಣಿಸುತ್ತದೆ ಎಂಬುದು ನಮ್ಮ ನಿಲುವು.

ವಾದಕ್ಕೆ ಹೋಗುವ ಮುನ್ನ ‘ಸಭೆ’ ಎಂಬ ಪದ ರಮಾಬಾಯಿಯವರ ಬದುಕಿನಲ್ಲಿ ಹೇಗೆ ಬಂತೆಂಬುದನ್ನು ನೋಡಬೇಕು. ಆತ್ಮಸಾಕ್ಷ್ಯದ ಪ್ರಕಾರ, ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಅವರ ತಂದೆ ಉಡುಪಿಯ ವಿದ್ವಾಂಸರ ಸಭೆಯೊಂದರ ಮುಂದೆ ನಿಂತು, ಧರ್ಮಶಾಸ್ತ್ರಗಳಿಂದ ಆಧಾರಗಳನ್ನು ತೋರಿಸಿ ತಮ್ಮನ್ನು ಸಮರ್ಥಿಸಿಕೊಳ್ಳಬೇಕಾಯಿತು. ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದ ಬರಗಾಲದಲ್ಲಿ ತಂದೆ, ತಾಯಿ, ಅಕ್ಕ ತೀರಿಕೊಂಡರು. ಅಣ್ಣ ಶ್ರೀನಿವಾಸನೊಡನೆ ಪುರಾಣ ಹೇಳುತ್ತ ಅಲೆದ ರಮಾಬಾಯಿಯವರಿಗೆ ೧೮೭೮ರಲ್ಲಿ ಕಲ್ಕತ್ತೆಯ ವಿದ್ವಾಂಸರ ಸಭೆ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದುಗಳನ್ನು ಕೊಟ್ಟಿತು. ತಂದೆಯನ್ನು ಕಟಕಟೆಯಲ್ಲಿ ನಿಲ್ಲಿಸಿದ್ದೂ ಸಭೆ, ಮಗಳನ್ನು ಪೀಠದ ಮೇಲೆ ಕೂರಿಸಿದ್ದೂ ಸಭೆ. ಆದರೆ ಹಸಿದ ಕುಟುಂಬ ಊರಿಂದೂರಿಗೆ, ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು ಸೊರಗುತ್ತಿದ್ದಾಗ ಊಟವಿಕ್ಕಲು ಯಾವ ಸಭೆಯೂ ಇರಲಿಲ್ಲ. ಈ ಕೊನೆಯ ಮಾತನ್ನು ಅವರು ತತ್ತ್ವವಾಗಿ ಎಲ್ಲಿಯೂ ಮಂಡಿಸುವುದಿಲ್ಲ. ಆದರೆ ಆತ್ಮಸಾಕ್ಷ್ಯದಲ್ಲಿ ಬರಗಾಲದ ಪುಟಗಳಿಗೆ ಸಿಕ್ಕಿರುವ ವಿಸ್ತಾರವನ್ನು ನೋಡಿದರೆ ಅವರ ಧಾರ್ಮಿಕ ಚಿಂತನೆಯ ಅಡಿಪಾಯ ಎಲ್ಲಿದೆ ಎಂಬುದು ತಿಳಿಯುತ್ತದೆ.

೧೮೮೨ರಲ್ಲಿ ವಿಧವೆಯಾಗಿ, ಎಳೆಯ ಮಗಳು ಮನೋರಮೆಯೊಡನೆ ಪುಣೆಗೆ ಬಂದ ರಮಾಬಾಯಿಯವರು ಮರುವರ್ಷ ವೈದ್ಯ ಕಲಿಯುವ ಆಸೆಯಿಂದ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗಿದ್ದುದರಿಂದ ಆ ಆಸೆ ಕೈಗೂಡಲಿಲ್ಲ. ಪುಣೆಯಲ್ಲಿ ಕೆಲಸ ಮಾಡುತ್ತಿದ್ದ ಆಂಗ್ಲಿಕನ್ ಸನ್ಯಾಸಿನಿಯರ ಮೂಲಮಠ ವಾಂಟೇಜಿನಲ್ಲಿತ್ತು. ಅಲ್ಲಿ ಇಳಿದುಕೊಂಡ ಅವರು ೧೮೮೩ರ ಸೆಪ್ಟೆಂಬರ್ ೨೯ರಂದು ಮಗಳೊಡನೆ ದೀಕ್ಷಾಸ್ನಾನ ಪಡೆದರು. ಮತಾಂತರಿತ ಚಿತ್ಪಾವನ ಬ್ರಾಹ್ಮಣರೂ ಆಂಗ್ಲಿಕನ್ ಪಾದ್ರಿಗಳೂ ಆಗಿದ್ದ ನೆಹೆಮಯ್ಯ ಗೋರೆಯವರ ವಾದಗಳು ಅವರ ಬುದ್ಧಿಯನ್ನು ಒಪ್ಪಿಸಿದ್ದವು ಎಂಬುದು ನಿಜ. ಆದರೆ ಆತ್ಮಸಾಕ್ಷ್ಯ ಹೇಳುವ ಇನ್ನೊಂದು ಘಟನೆಯನ್ನು ನಾವು ಅದಕ್ಕಿಂತ ಮುಖ್ಯವೆಂದು ಭಾವಿಸುತ್ತೇವೆ. ಸನ್ಯಾಸಿನಿಯರು ಅವರನ್ನು ಲಂಡನ್ನಿನ ಫುಲಂನಲ್ಲಿದ್ದ ತಮ್ಮ ಆಶ್ರಯಗೃಹಕ್ಕೆ ಕರೆದೊಯ್ದರು. ಸಮಾಜ ‘ಕೆಟ್ಟವರು’ ಎಂದು ಹೊರಹಾಕಿದ ಹೆಂಗಸರನ್ನು ಅಲ್ಲಿ ಇರಿಸಿಕೊಂಡು ಆರೈಕೆ ಮಾಡಲಾಗುತ್ತಿತ್ತು. ಅಂಥವರ ಮೇಲೆ ಇಷ್ಟು ಕರುಣೆ ತೋರಿಸುವುದು ಏಕೆಂದು ರಮಾಬಾಯಿಯವರು ಕೇಳಿದಾಗ, ಕ್ರಿಸ್ತನು ಬಾವಿಯ ಬಳಿ ಸಮಾರ್ಯದ ಹೆಂಗಸನ್ನು ಕಂಡ ಪ್ರಸಂಗವನ್ನು ಸನ್ಯಾಸಿನಿಯೊಬ್ಬರು ಓದಿ ಹೇಳಿದರು. ಅವರಿಗೆ ಚರ್ಚು ಮೊದಲು ಕಂಡದ್ದು ಬಾಗಿಲು ತೆರೆದಿದ್ದ ಒಂದು ಮನೆಯ ರೂಪದಲ್ಲಿ. ಬಿಷಪ್ಪರೂ ವಿಶ್ವಾಸಪ್ರಮಾಣಗಳೂ ಅವರನ್ನು ಎದುರುಗೊಂಡದ್ದು ಆಮೇಲೆ.

ಆಮೇಲೆ ಬಂದದ್ದೇ ಪತ್ರಗಳ ಪ್ರಪಂಚ. ೧೮೮೩ರಿಂದ ೧೮೮೬ರವರೆಗಿನ ಈ ಪತ್ರಗಳಲ್ಲಿ ಸಿಸ್ಟರ್ ಜೆರಾಲ್ಡೀನ್ ಆಧ್ಯಾತ್ಮಿಕ ತಾಯಿಯ ಸ್ಥಾನದಲ್ಲಿ ನಿಂತು ಬರೆಯುತ್ತಾರೆ. ರಮಾಬಾಯಿಯವರು ಆ ತಾಯ್ತನವನ್ನು ಗೌರವಿಸುತ್ತಲೇ ಅದರ ಅಧಿಕಾರವನ್ನು ನಿರಾಕರಿಸುತ್ತಾರೆ. ತ್ರಿತ್ವ, ಕ್ರಿಸ್ತನ ದೈವತ್ವ, ಕನ್ಯಾಜನನ, ಅಥನೇಸಿಯಸನ ಹೆಸರಿನ ವಿಶ್ವಾಸಪ್ರಮಾಣ ಒಂದೊಂದೂ ಚರ್ಚೆಗೆ ಬರುತ್ತವೆ. ಬೈಬಲನ್ನು ನಾನೇ ಓದಬಲ್ಲೆ, ಅದರಲ್ಲಿ ಕಾಣದ್ದನ್ನು ಮನುಷ್ಯರು ಮಾಡಿದ ಸೂತ್ರದ ಬಲದಿಂದ ನಂಬಲಾರೆ ಎಂಬುದು ಅವರ ಪಟ್ಟು. ಪುರೋಹಿತರ ನೊಗವನ್ನು ಬಹು ಕಷ್ಟದಿಂದ ಈಗಷ್ಟೇ ಕಳಚಿಕೊಂಡಿರುವಾಗ ಮತ್ತೊಂದು ಅಂಥದೇ ನೊಗಕ್ಕೆ ಕುತ್ತಿಗೆ ಕೊಡಲಾರೆ ಎಂಬ ಅರ್ಥದ ಅವರ ಮಾತನ್ನು ಬಹಳ ಮಂದಿ ಉದ್ಧರಿಸಿದ್ದಾರೆ. ಆ ಮಾತಿನಷ್ಟೇ ಅರ್ಥಪೂರ್ಣವಾದುದು ಒಂದು ಸಣ್ಣ ವಿವಾದ. ಸನ್ಯಾಸಿನಿಯರು ಧರಿಸುತ್ತಿದ್ದ ಶಿಲುಬೆಯ ಮೇಲಿನ ಲ್ಯಾಟಿನ್ ಬರಹ ತಮಗೆ ಬೇಡ, ಸಂಸ್ಕೃತ ಬರಹವಿರಲಿ ಎಂದು ರಮಾಬಾಯಿಯವರು ಕೇಳಿದರು. ಸಂಸ್ಕೃತ ದೇವಭಾಷೆಯೆಂಬ ಕಾರಣಕ್ಕಲ್ಲ, ತಮ್ಮ ನಾಡಿನ ಹಳೆಯ, ಚೆಲುವಾದ ಭಾಷೆಯೆಂಬ ಕಾರಣಕ್ಕೆ. ಲ್ಯಾಟಿನ್ನಿನಲ್ಲಿ ಪಾವಿತ್ರ್ಯವಿದ್ದರೆ ಸಂಸ್ಕೃತದಲ್ಲಿ ಏಕಿಲ್ಲ ಎಂಬುದು ಅಲ್ಲಿಯ ತರ್ಕ.

ಇನ್ನೊಂದು ಪ್ರಸಂಗ ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನದು. ಅಲ್ಲಿ ಸಂಸ್ಕೃತ ಕಲಿಸುತ್ತಿದ್ದ ರಮಾಬಾಯಿಯವರು ಗಂಡು ವಿದ್ಯಾರ್ಥಿಗಳಿಗೂ ಪಾಠ ಹೇಳಬಹುದೇ ಎಂಬ ಪ್ರಶ್ನೆ ಎದ್ದಾಗ ಇಂಡಿಯದಲ್ಲಿದ್ದ ಬಿಷಪ್ಪರು ಆಕ್ಷೇಪಿಸಿದರು. ಹಿಂದೂ ಸಮಾಜದಲ್ಲಿ ಇದು ಆಕೆಯ ಹೆಸರಿಗೆ ಕುಂದು ತರುತ್ತದೆ ಎಂಬುದು ಅವರ ಕಾರಣ. ಗಂಡಸರು ತುಂಬಿದ ಪಂಡಿತಸಭೆಗಳಲ್ಲಿ ವರ್ಷಗಟ್ಟಲೆ ಮಾತಾಡಿ ಬಂದವರಿಗೆ ಈ ಕಾರಣ ಕೇಳಿ ನಗು ಬಂದಿರಬೇಕು. ಪತ್ರದಲ್ಲಿ ಕಾಣುವುದು ಮಾತ್ರ ಸಿಟ್ಟು. ಹಿಂದೂ ಸಮಾಜದ ಕಟ್ಟಳೆಗಳಿಂದ ಬಿಡುಗಡೆ ಮಾಡುವೆನೆಂದ ಚರ್ಚು ಅದೇ ಸಮಾಜದ ಕಟ್ಟಳೆಗಳಿಗೆ ಕಾವಲುಗಾರನಾಗಿ ನಿಂತ ಈ ಗಳಿಗೆಯನ್ನು ವಸಾಹತುಶಾಹಿ ಅಧ್ಯಯನಗಳು ಸರಿಯಾಗಿಯೇ ಗುರುತಿಸಿವೆ.

ಅಂಥ ಅಧ್ಯಯನಗಳಲ್ಲಿ ಗೌರಿ ವಿಶ್ವನಾಥನ್ ಅವರ ೧೯೯೮ರ ಗ್ರಂಥ ‘ಔಟ್‌ಸೈಡ್ ದ ಫೋಲ್ಡ್’ ಮುಖ್ಯವಾದುದು. ಮತಾಂತರವೆಂಬುದು ಒಂದು ಆವರಣದಿಂದ ಇನ್ನೊಂದಕ್ಕೆ ದಾಟುವ ಕ್ರಿಯೆ ಮಾತ್ರವಲ್ಲ, ಎರಡೂ ಆವರಣಗಳನ್ನು ಪ್ರಶ್ನಿಸುವ ಭಿನ್ನಮತದ ಕ್ರಿಯೆ ಎಂಬ ಅವರ ಪ್ರಮೇಯಕ್ಕೆ ರಮಾಬಾಯಿ-ಜೆರಾಲ್ಡೀನ್ ಪತ್ರಗಳು ಬಲವಾದ ಆಧಾರ. ಅದೇ ವರ್ಷ ಬಂದ ಉಮಾ ಚಕ್ರವರ್ತಿಯವರ ಗ್ರಂಥ ರಮಾಬಾಯಿಯವರ ಬದುಕನ್ನು ಜಾತಿ, ಲಿಂಗ, ಪ್ರಭುತ್ವಗಳ ಚರಿತ್ರೆಯೊಳಗೆ ಇಟ್ಟು, ರಾಷ್ಟ್ರೀಯ ಚರಿತ್ರೆ ಅವರನ್ನು ಅಂಚಿಗೆ ಸರಿಸಿದ್ದು ಹೇಗೆಂಬುದನ್ನು ತೋರಿಸಿತು. ಮೀರಾ ಕೋಸಂಬಿಯವರು ೨೦೦೦ದಲ್ಲಿ ಹೊರತಂದ ಅನುವಾದಗಳಿಂದ ಮರಾಠಿ ಬಾರದವರಿಗೂ ಅವರ ಬರಹಗಳು ದೊರೆತವು. ಇವರ ಶ್ರಮಕ್ಕೆ ನಾವು ಋಣಿಗಳು. ಆದರೂ ಒಂದು ತಕರಾರಿದೆ. ಚರ್ಚಿನ ಬಗ್ಗೆ ರಮಾಬಾಯಿಯವರ ವಿಚಾರವೇನೆಂದು ಕೇಳಿದಾಗಲೆಲ್ಲ ನಮ್ಮ ವಿಮರ್ಶೆ ಪತ್ರಗಳ ಕಡೆಗೇ ಕೈ ತೋರಿಸುತ್ತದೆ; ಕೇಡಗಾಂವಿನ ವರ್ಷಗಳು ಬಂದಾಗ ಸಮಾಜಸೇವೆ ಎನ್ನುತ್ತದೆ, ಅಥವಾ ಬಂಡಾಯ ಭಕ್ತಿಯಲ್ಲಿ ಕರಗಿಹೋಯಿತೆಂದು ಮರುಗುತ್ತದೆ. ಪ್ರತಿರೋಧ ಕಾಣುವಲ್ಲಿ ಚಿಂತನೆ ಇದೆ, ಪ್ರಾರ್ಥನೆ ಕಾಣುವಲ್ಲಿ ಚಿಂತನೆ ಮುಗಿಯಿತು ಎಂಬ ಪೂರ್ವಗ್ರಹ ಇಲ್ಲಿ ಕೆಲಸಮಾಡುತ್ತಿದೆ. ಕನ್ನಡದಲ್ಲಿ ವಚನ, ಕೀರ್ತನೆಗಳನ್ನು ಓದಿಕೊಂಡು ಬಂದವರು ಈ ಪೂರ್ವಗ್ರಹವನ್ನು ಸುಲಭವಾಗಿ ಒಪ್ಪಬಾರದು.

ಕೇಡಗಾಂವಿಗೆ ಹೋಗುವ ದಾರಿಯಲ್ಲಿ ೧೮೮೯ರ ಶಾರದಾ ಸದನವಿದೆ. ಅಮೆರಿಕದ ದಾನಿಗಳ ನೆರವಿನಿಂದ ಮುಂಬಯಿಯಲ್ಲಿ ತೆರೆದು ಮರುವರ್ಷ ಪುಣೆಗೆ ಸ್ಥಳಾಂತರಗೊಂಡ ಈ ವಿಧವಾಶಾಲೆ ಮತನಿರಪೇಕ್ಷವಾಗಿರಬೇಕೆಂಬುದು ಒಪ್ಪಂದ. ರಾನಡೆ, ಭಂಡಾರಕರರಂಥವರು ಸಲಹಾಮಂಡಳಿಯಲ್ಲಿದ್ದರು. ರಮಾಬಾಯಿಯವರು ತಮ್ಮ ಕೋಣೆಯಲ್ಲಿ ಬಾಗಿಲು ತೆರೆದಿಟ್ಟುಕೊಂಡು ಪ್ರಾರ್ಥಿಸುತ್ತಿದ್ದರು. ಹುಡುಗಿಯರು ಬಂದು ಕೂರತೊಡಗಿದರು. ೧೮೯೩ರಲ್ಲಿ ಗದ್ದಲವೆದ್ದು ಮಂಡಳಿ ರಾಜೀನಾಮೆ ಕೊಟ್ಟಿತು, ‘ಕೇಸರಿ’ ಹರಿಹಾಯಿತು. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬಹುದಿತ್ತಲ್ಲ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಅದು ನ್ಯಾಯವಾದ ಪ್ರಶ್ನೆಯೇ. ವಾಂಟೇಜಿನಲ್ಲಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಬೇಡಿದವರು ಪುಣೆಯಲ್ಲಿ ಅದೇ ಸ್ವಾತಂತ್ರ್ಯದ ಹೆಸರಿನಲ್ಲಿ ಬಾಗಿಲು ತೆರೆದಿಟ್ಟರು. ಆ ತೆರೆದ ಬಾಗಿಲು, ಅನ್ನಕ್ಕೂ ನೆಲೆಗೂ ಅವರನ್ನೇ ನಂಬಿದ್ದ ಹುಡುಗಿಯರಿಗೆ ಎಷ್ಟರಮಟ್ಟಿಗೆ ಆಯ್ಕೆಯಾಗಿತ್ತು, ಎಷ್ಟರಮಟ್ಟಿಗೆ ಒತ್ತಾಯವಾಗಿತ್ತು?

ಈ ನಡುವೆ ೧೮೯೧ರ ಸುಮಾರಿಗೆ ರಮಾಬಾಯಿಯವರಲ್ಲಿ ಒಂದು ಸ್ಥಿತ್ಯಂತರವಾಯಿತು. ದೀಕ್ಷಾಸ್ನಾನವಾಗಿ ಎಂಟು ವರ್ಷಗಳಾದ ಮೇಲೆ, ತಮಗೆ ಕ್ರೈಸ್ತಮತ ಸಿಕ್ಕಿದೆ, ಕ್ರಿಸ್ತನು ಸಿಕ್ಕಿಲ್ಲವೆಂಬ ಅರಿವು ಬಂತೆಂದು ಅವರು ಬರೆಯುತ್ತಾರೆ. ಈ ಅರಿವಿಗೆ ನೆರವಾದ ಪುಸ್ತಕಗಳಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲಿಕನ್ ಪಾದ್ರಿಯ ಆತ್ಮಕಥೆಯೂ ಒಂದು. ಪ್ರಸಂಗ ಮಾಡುತ್ತಿದ್ದಾಗ ತನ್ನ ಮಾತಿನಿಂದ ತಾನೇ ಪರಿವರ್ತನೆಗೊಂಡವನೆಂದು ಪ್ರಸಿದ್ಧನಾದ ಮನುಷ್ಯ ಆತ. ಅಂದರೆ ಚರ್ಚಿನ ವೇದಿಕೆಯ ಮೇಲೆ ನಿಂತವನಿಗೇ ಚರ್ಚು ಸಾಕಾಗಿರಲಿಲ್ಲ. ರಮಾಬಾಯಿಯವರು ಆ ಪುಸ್ತಕದತ್ತ ಒಲಿದದ್ದು ಆಕಸ್ಮಿಕವಲ್ಲ. ಇಂಗ್ಲೆಂಡಿನಲ್ಲಿ ಕಂಡ ಹಲವು ಕ್ರೈಸ್ತ ಪಂಥಗಳು ತಮ್ಮನ್ನು ಗೊಂದಲಕ್ಕೆ ದೂಡಿದ್ದನ್ನು ಅವರು ಮರೆತಿರಲಿಲ್ಲ. ಒಂದು ಪಂಥಕ್ಕೆ ಸೇರಿದವರೆಂದು ಹೇಳಿಸಿಕೊಳ್ಳುವ ಇಚ್ಛೆ ಅವರಿಗೆ ಕೊನೆಯವರೆಗೂ ಬರಲಿಲ್ಲ.

ಇಲ್ಲಿಗೆ ನಿಂತಿದ್ದರೆ ಅವರು ಚರ್ಚಿಲ್ಲದ ಕ್ರೈಸ್ತರಾಗಿ ಉಳಿಯುತ್ತಿದ್ದರು. ಇಂಡಿಯದಲ್ಲಿ ಆ ಪರಂಪರೆಯೂ ಇದೆ. ಮರಾಠಿಯ ಕವಿ ನಾರಾಯಣ ವಾಮನ ಟಿಳಕರು ೧೯೧೭ರಲ್ಲಿ ಮಿಷನ್ನಿನ ಸೇವೆ ಬಿಟ್ಟು, ದೀಕ್ಷೆ ಪಡೆದವರನ್ನೂ ಪಡೆಯದವರನ್ನೂ ಒಳಗೊಳ್ಳುವ ‘ದೇವಾಚಾ ದರಬಾರ’ವನ್ನು ಕಟ್ಟಲು ಹೊರಟರು. ಮದ್ರಾಸಿನ ಚೆಂಚಯ್ಯ, ಚಕ್ಕರೈ ಮೊದಲಾದವರು ೧೯೩೮ರಲ್ಲಿ, ತಾಂಬರಂನ ಅಂತಾರಾಷ್ಟ್ರೀಯ ಮಿಷನರಿ ಸಮ್ಮೇಳನದ ಹೊತ್ತಿಗೆ, ಇಂಡಿಯದಲ್ಲಿ ಕ್ರೈಸ್ತಮತದ ಪುನರಾಲೋಚನೆ ಎಂಬರ್ಥದ ಹೆಸರಿನಲ್ಲಿ ಒಂದು ಗ್ರಂಥ ಹೊರತಂದು, ಚರ್ಚನ್ನೇ ಕೇಂದ್ರವಾಗಿಸುವ ದೃಷ್ಟಿಯನ್ನು ಪ್ರಶ್ನಿಸಿದರು. ಚೆಂಚಯ್ಯನವರ ದೃಷ್ಟಿಯಲ್ಲಿ ಕ್ರಿಸ್ತನು ತಂದದ್ದು ಹೊಸ ಜೀವವನ್ನು, ಹೊಸ ಸಂಸ್ಥೆಯನ್ನಲ್ಲ. ಈ ವಾದಗಳ ತಾತ್ವಿಕ ಸೊಗಸನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಚೆಂಚಯ್ಯನವರು ನ್ಯಾಯಾಧೀಶರು. ಚಕ್ಕರೈ ವಕೀಲರು, ಕಾರ್ಮಿಕ ನಾಯಕರು. ಟಿಳಕರು ನಾಡು ಬಲ್ಲ ಕವಿ. ಚರ್ಚಿನಿಂದ ಹೊರಗೆ ಬಂದರೂ ನಿಲ್ಲಲು ಅವರಿಗೆ ನೆಲವಿತ್ತು. ಮಂಗಳೂರಿನಲ್ಲಿ ೧೮೩೪ರಿಂದ ಕೆಲಸ ಮಾಡಿದ ಬಾಸೆಲ್ ಮಿಷನ್ನಿನ ಸಭೆಗಳ ಚರಿತ್ರೆ ಓದಿದವರಿಗೆ ಇದರ ಇನ್ನೊಂದು ಮಗ್ಗುಲು ಗೊತ್ತಿದೆ. ಜಾತಿ ಬಿಟ್ಟೊಡನೆ ಕಸುಬನ್ನೂ ಗೇಣಿಯ ನೆಲವನ್ನೂ ಕಳೆದುಕೊಂಡವರಿಗಾಗಿ ಮಿಷನ್ನು ನೇಯ್ಗೆಯ ಮಗ್ಗಗಳನ್ನೂ, ೧೮೬೫ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಬೇಕಾಯಿತು. ಆ ನೇಕಾರನನ್ನು ಕರೆದು, ಚರ್ಚಿಲ್ಲದೆ ಕ್ರಿಸ್ತನೊಬ್ಬನೇ ನಿನಗೆ ಸಾಲದೇ ಎಂದು ಕೇಳಿದರೆ ಪ್ರಶ್ನೆಯೇ ಅವನಿಗೆ ಅರ್ಥವಾಗುತ್ತಿರಲಿಲ್ಲ. ಅವನಿಗೆ ಸಭೆಯೆಂದರೆ ನೆರೆಹೊರೆ, ಹೆಣ್ಣು ತರುವ ಮನೆ, ಹೆಣ ಹೊರುವ ಹೆಗಲು. ಅದೇ ಸಭೆ ಅವನ ಧಣಿಯೂ ಆಗಿತ್ತೆಂಬ ಕಹಿಯನ್ನು ಮರೆಯದೆಯೇ ಈ ಮಾತು ಹೇಳುತ್ತಿದ್ದೇವೆ.

ರಮಾಬಾಯಿಯವರ ವಿಶೇಷವಿರುವುದು ಅವರು ಈ ಎರಡೂ ಸ್ಥಿತಿಗಳನ್ನು ಬಲ್ಲವರಾಗಿದ್ದುದರಲ್ಲಿ. ವಿದ್ಯೆಯ ಬಲದಿಂದ ಅವರು ಬಿಷಪ್ಪರೊಡನೆ ಸರಿಸಮ ನಿಂತು ವಾದಿಸಬಲ್ಲವರು. ಬರಗಾಲದಲ್ಲಿ ಎಲ್ಲರನ್ನೂ ಕಳೆದುಕೊಂಡವರು. ೧೮೯೬-೯೭ರಲ್ಲಿ ಮಧ್ಯಪ್ರಾಂತಗಳಿಗೆ ಬರ ಬಂದಾಗ ಅಲ್ಲಿಗೆ ಹೋಗಿ ಅನಾಥ ಹುಡುಗಿಯರನ್ನೂ ವಿಧವೆಯರನ್ನೂ ನೂರುಗಟ್ಟಲೆಯಾಗಿ ಕರೆತಂದರು. ಪುಣೆಯಲ್ಲಿ ಜಾಗ ಸಾಲದೆ ಕೇಡಗಾಂವಿನ ಹೊಲಕ್ಕೆ ಒಯ್ದರು. ಅದೇ ‘ಮುಕ್ತಿ’. ೧೯೦೦ದ ಗುಜರಾತಿನ ಬರದ ನಂತರ ಅಲ್ಲಿ ಇದ್ದವರ ಸಂಖ್ಯೆ ಎರಡು ಸಾವಿರದ ಸಮೀಪಕ್ಕೆ ಬಂತು. ಕುರುಡರಿಗೆ ಬೇರೆ ಸದನ, ಮುದುಕಿಯರಿಗೆ ಬೇರೆ ಸದನ. ಸಮಾಜ ಕೆಟ್ಟವರೆಂದು ಕರೆದ ಹೆಂಗಸರಿಗಾಗಿ ‘ಕೃಪಾ ಸದನ’. ಫುಲಂನ ಆ ಮನೆಯನ್ನು ಕಂಡ ಹದಿನೈದು ಹದಿನಾರು ವರ್ಷಗಳ ಮೇಲೆ ಕೇಡಗಾಂವಿನಲ್ಲಿ ಕೃಪಾ ಸದನ ಎದ್ದಿತು. ಪತ್ರಗಳಲ್ಲಿ ರಮಾಬಾಯಿಯವರು ಚರ್ಚಿನಿಂದ ಏನನ್ನು ತಿರಸ್ಕರಿಸಿದರೆಂಬುದನ್ನು ಹೇಳುವವರು, ಅದೇ ಚರ್ಚಿನಿಂದ ಅವರು ಏನನ್ನು ತೆಗೆದುಕೊಂಡರೆಂಬುದನ್ನೂ ಹೇಳಬೇಕು. ಅವರು ತಿರಸ್ಕರಿಸಿದ್ದು ಅದರ ಅಧಿಕಾರವನ್ನು. ತೆಗೆದುಕೊಂಡದ್ದು ಅದರ ಮನೆಯನ್ನು.

ಹೊಸ ಒಡಂಬಡಿಕೆಯನ್ನು ಓದಿದವರಿಗೆ ಇದು ಅಪರಿಚಿತವಲ್ಲ. ಕೊರಿಂಥದ ಸಭೆಗೆ ಪೌಲನು ಬರೆದ ಮೊದಲ ಪತ್ರದಲ್ಲಿ ಅವನ ಕೋಪ ಕೆರಳುವುದು ಬರಿಯ ತಪ್ಪು ಸಿದ್ಧಾಂತಕ್ಕಲ್ಲ. ಕರ್ತನ ಭೋಜನಕ್ಕೆ ಕೂಡಿದವರಲ್ಲಿ ಉಳ್ಳವರು ತಮ್ಮ ಬುತ್ತಿ ಬಿಚ್ಚಿ ಉಂಡು ತಣಿಯುತ್ತಾರೆ, ಇಲ್ಲದವರು ಹಸಿದು ಕೂರುತ್ತಾರೆ. ಇದು ಕರ್ತನ ಭೋಜನವೇ ಅಲ್ಲ ಎನ್ನುತ್ತಾನೆ. ಊಟದಲ್ಲಿ ಭೇದವಾದರೆ ಸಭೆ ಸಭೆಯಲ್ಲ. ಪಂಕ್ತಿಭೇದದ ನಾಡಿನಲ್ಲಿ ಬೆಳೆದ ರಮಾಬಾಯಿಯವರಿಗೆ ಈ ಅಧ್ಯಾಯ ಹೇಗೆ ಕೇಳಿಸಿರಬಹುದೆಂಬುದನ್ನು ಊಹಿಸುವುದು ಕಷ್ಟವಲ್ಲ. ಮುಂದೆ ೧೯೬೪ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಚರ್ಚನ್ನು ‘ದೇವರ ಜನ’ ಎಂದು ಬಣ್ಣಿಸುವ ಅಧ್ಯಾಯವನ್ನು ಧರ್ಮಾಧಿಕಾರದ ಶ್ರೇಣಿಯನ್ನು ವಿವರಿಸುವ ಅಧ್ಯಾಯಕ್ಕಿಂತ ಮುಂದಿಟ್ಟಿತು. ಅಧ್ಯಾಯಗಳ ಅನುಕ್ರಮದಲ್ಲಿಯೇ ಒಂದು ವಾದವಿದೆ. ಜೆರಾಲ್ಡೀನರ ಪತ್ರಗಳಲ್ಲಿ ಆ ಅನುಕ್ರಮ ತಿರುಗುಮುರುಗಾಗಿತ್ತು.

೧೯೦೫ರಲ್ಲಿ ಮುಕ್ತಿಯಲ್ಲಿ ನಡೆದ ಉಜ್ಜೀವನವನ್ನು ಪೆಂಟೆಕೋಸ್ಟಲ್ ಚಳವಳಿಯ ಚರಿತ್ರಕಾರರು ಅಮೆರಿಕದ ೧೯೦೬ರ ಅಜೂಸಾ ಬೀದಿಯ ಘಟನೆಗಿಂತ ಮುಂಚಿನದೆಂದು ಎತ್ತಿ ಹೇಳುತ್ತಾರೆ. ನಮಗೆ ಮುಖ್ಯವಾದುದು ಅದರ ರೂಪ. ನೂರಾರು ಹುಡುಗಿಯರು ಏಕಕಾಲಕ್ಕೆ ಗಟ್ಟಿಯಾಗಿ ಅಳುತ್ತ, ಕೂಗುತ್ತ ಪ್ರಾರ್ಥಿಸಿದರು. ಇದು ಅಶಿಸ್ತು, ಉನ್ಮಾದ ಎಂದು ಟೀಕೆ ಬಂದಾಗ ರಮಾಬಾಯಿಯವರು ‘ಮುಕ್ತಿ ಪ್ರೇಯರ್ ಬೆಲ್’ ಎಂಬ ತಮ್ಮ ಪತ್ರಿಕೆಯಲ್ಲಿ ಸಮರ್ಥನೆಗೆ ನಿಂತರು: ಇಂಡಿಯದ ಜನರಿಗೆ ಉಜ್ಜೀವನ ಬರುವುದಾದರೆ ಅವರ ಸ್ವಭಾವಕ್ಕೆ ಒಗ್ಗುವಂತೆ ಬರಲಿ, ಪಾಶ್ಚಾತ್ಯರ ಸಭ್ಯತೆಯನ್ನು ಅದರ ಮೇಲೆ ಹೇರುವುದು ಬೇಡ ಎಂಬ ಧಾಟಿಯಲ್ಲಿ. ಲ್ಯಾಟಿನ್ ಶಿಲುಬೆಯ ವಿವಾದದಲ್ಲಿ ತಮಗಾಗಿ ಕೇಳಿದ್ದನ್ನು ಇಲ್ಲಿ ಅವರು ತಮ್ಮ ಹುಡುಗಿಯರಿಗಾಗಿ ಕೇಳುತ್ತಿದ್ದಾರೆ. ಸಂಸ್ಕೃತ ಬಲ್ಲ ಒಬ್ಬರ ಆತ್ಮಗೌರವದಿಂದ ಅಕ್ಷರ ಈಗಷ್ಟೇ ಕಲಿತವರ ಅಳುವಿನವರೆಗೆ ಆ ಒಂದೇ ಬೇಡಿಕೆ ದೂರ ಸಾಗಿಬಂದಿದೆ. ಪತ್ರಗಳಲ್ಲಿದ್ದ ಬಂಡಾಯ ಮುಕ್ತಿಯಲ್ಲಿ ಆರಿಹೋಯಿತೆನ್ನುವವರು ಈ ಸಾಲುಗಳನ್ನು ಎದುರಿಸಬೇಕು.

ಅವರ ಕೊನೆಯ ಹದಿನೈದು ಹದಿನೇಳು ವರ್ಷಗಳ ಕೆಲಸ ಬೈಬಲಿನ ಮರಾಠಿ ಅನುವಾದ. ಅದಕ್ಕಾಗಿ ಹೀಬ್ರೂ ಮತ್ತು ಗ್ರೀಕ್ ಕಲಿತರು. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲಿನ ಸಂಸ್ಕೃತಭರಿತ ಭಾಷೆ ಸಾಮಾನ್ಯ ಹೆಂಗಸರಿಗೆ ತಿಳಿಯದು ಎಂಬುದು ಅವರ ಆಕ್ಷೇಪ. ಶಿಲುಬೆಯ ಮೇಲೆ ಸಂಸ್ಕೃತಕ್ಕಾಗಿ ಹಟ ಹಿಡಿದವರೇ ಈಗ ಸಂಸ್ಕೃತದ ಭಾರವನ್ನು ಇಳಿಸುತ್ತಿದ್ದಾರೆ ಎಂಬುದನ್ನು ವೈರುಧ್ಯವೆಂದು ನಾವು ಕಾಣುವುದಿಲ್ಲ. ಎದುರಿಗಿದ್ದ ಸಭೆ ಬದಲಾಗಿತ್ತು, ಅಷ್ಟೆ. ಮುಕ್ತಿಯ ಹೆಂಗಸರೇ ಅಚ್ಚುಮೊಳೆ ಜೋಡಿಸಿದರು, ಮುದ್ರಣಯಂತ್ರ ನಡೆಸಿದರು. ೧೯೨೨ರ ಏಪ್ರಿಲ್ ೫ರಂದು ರಮಾಬಾಯಿಯವರು ತೀರಿಕೊಳ್ಳುವ ಹೊತ್ತಿಗೆ ಅನುವಾದ ಮುಗಿದಿತ್ತು. ಪೂರ್ಣ ಬೈಬಲು ಹೊರಬಂದದ್ದು ೧೯೨೪ರಲ್ಲಿ. ಬೈಬಲಿನ ಅರ್ಥ ಹೇಳುವ ಹಕ್ಕು ಯಾರದೆಂದು ನಾಲ್ಕು ದಶಕಗಳ ಹಿಂದೆ ಜೆರಾಲ್ಡೀನರೊಡನೆ ನಡೆದ ವಾದಕ್ಕೆ ಇದು ಕೊಟ್ಟ ಉತ್ತರವೆಂದು ಓದಬಹುದು.

ಆದರೆ ಈ ಓದು ಇಷ್ಟು ಸಲೀಸಾಗಿ ಮುಗಿಯುವಂತಿಲ್ಲ. ಆಶ್ರಯ ಕೊಡುವ ಮನೆಗೂ ಯಜಮಾನಿ ಇರುತ್ತಾಳೆ. ಮುಕ್ತಿಯ ದಿನಚರಿ ಬಿಗಿಯಾದದ್ದು. ಗಂಟೆ, ಪ್ರಾರ್ಥನೆ, ಪಾಠ, ಕೆಲಸ ಎಲ್ಲಕ್ಕೂ ಕಟ್ಟಳೆ. ಬರಗಾಲದಲ್ಲಿ ಸಿಕ್ಕಿದ ಹತ್ತು ವರ್ಷದ ಹುಡುಗಿ, ತನ್ನನ್ನು ಬದುಕಿಸಿದವರ ದೇವರನ್ನು ಬೇಡವೆನ್ನಬಹುದಿತ್ತೇ? ವಾಂಟೇಜಿನಲ್ಲಿ ರಮಾಬಾಯಿಯವರು ಬೇಡವೆಂದರು. ಏಕೆಂದರೆ ಅವರಿಗೆ ಭಾಷೆಯಿತ್ತು, ಹೆಸರಿತ್ತು, ಬೇಡವೆಂದರೂ ಪತ್ರ ಬರೆದು ಉತ್ತರ ಕೊಡುವವರಿದ್ದರು. ತಮ್ಮ ಮಗಳ ವಿಷಯದಲ್ಲಿಯೂ ಅವರು ಹೀಗೆಯೇ ಬಿಗಿಯಾಗಿ ನಿಂತಿದ್ದರು: ಮನೋರ��ೆಗೆ ಏನನ್ನು ಕಲಿಸಬೇಕೆಂಬುದನ್ನು ಮಠ ನಿರ್ಧರಿಸಲಾಗದು, ತಾನು ನಿರ್ಧರಿಸುವೆ ಎಂದು. ಮುಕ್ತಿಯ ಹುಡುಗಿಯರ ಪರವಾಗಿ ಹಾಗೆ ನಿಲ್ಲುವ ತಾಯಂದಿರು ಬರದಲ್ಲಿ ಸತ್ತುಹೋಗಿದ್ದರು. ಆತ್ಮಸಾಕ್ಷ್ಯದಲ್ಲಿ ಈ ಹುಡುಗಿಯರು ಸಮೂಹವಾಗಿ ಬರುತ್ತಾರೆ, ಸಂಖ್ಯೆಯಾಗಿ ಬರುತ್ತಾರೆ, ಪ್ರಾರ್ಥನೆಯ ಧ್ವನಿಯಾಗಿ ಬರುತ್ತಾರೆ, ವಾದಿಸುವವರಾಗಿ ಬರುವುದಿಲ್ಲ. ಪತ್ರಗಳಲ್ಲಿ ಎರಡು ಧ್ವನಿಗಳಿವೆ, ಆತ್ಮಸಾಕ್ಷ್ಯದಲ್ಲಿ ಒಂದೇ. ವಿಮರ್ಶೆಯ ದೃಷ್ಟಿಯಿಂದ ಈ ವ್ಯತ್ಯಾಸ ಸಣ್ಣದಲ್ಲ.

ಮನೆಯಾಗಿ ನಿಲ್ಲುವ ಚರ್ಚು ಒಳಗಿದ್ದವರ ಭಿನ್ನಮತವನ್ನೂ ಉಳಿಸಿಕೊಳ್ಳಬಲ್ಲದೇ ಎಂಬ ಪ್ರಶ್ನೆಗೆ ಒಂದು ಸುಳಿವು, ವಿಚಿತ್ರವೆನಿಸಿದರೂ, ವಾಂಟೇಜಿನಿಂದಲೇ ಸಿಗುತ್ತದೆ. ರಮಾಬಾಯಿಯವರ ಪತ್ರಗಳನ್ನು ಕೂಡಿಸಿಟ್ಟವರು ಸಿಸ್ಟರ್ ಜೆರಾಲ್ಡೀನ್. ಅವುಗಳಲ್ಲಿ ತಮ್ಮ ಮಾತು ಸೋತ ಪತ್ರಗಳಿವೆ, ತಮ್ಮ ಶಿಷ್ಯೆ ತಮ್ಮನ್ನು ನೇರವಾಗಿ ಖಂಡಿಸಿದ ಪತ್ರಗಳಿವೆ. ಅವನ್ನು ಸುಟ್ಟುಹಾಕಬಹುದಿತ್ತು. ಸಂಕಲನಕ್ಕೆ ಅವರು ಸೇರಿಸಿದ ಟಿಪ್ಪಣಿಗಳಲ್ಲಿ ರಮಾಬಾಯಿಯವರ ಬಗೆಗಿನ ಅಸಮಾಧಾನ ಮಾಸಿಲ್ಲ. ಆದರೂ ಪತ್ರಗಳನ್ನು ಉಳಿಸಿದರು. ದಶಕಗಳ ನಂತರ ಅವನ್ನು ಅಚ್ಚಿಗೆ ತಂದದ್ದು ಯಾವ ಚರ್ಚೂ ಅಲ್ಲ, ಒಂದು ರಾಜ್ಯಸರ್ಕಾರದ ಮಂಡಳಿ; ಸಂಪಾದಿಸಿದ ಎ. ಬಿ. ಶಾಹರು ಇಂಡಿಯನ್ ಸೆಕ್ಯುಲರ್ ಸೊಸೈಟಿಯ ಸ್ಥಾಪಕರು. ಚರ್ಚನ್ನು ಪ್ರಶ್ನಿಸಿದ ಪಠ್ಯವನ್ನು ಸನ್ಯಾಸಿನಿಯೊಬ್ಬರು ಕಾಪಾಡಿ, ಮತನಿರಪೇಕ್ಷವಾದಿಯೊಬ್ಬರು ಓದುಗರ ಕೈಗಿತ್ತರು. ಕೇಡಗಾಂವಿನಲ್ಲಿ ಅಚ್ಚುಮೊಳೆ ಜೋಡಿಸಿದ ಹೆಂಗಸರಿಗೆ ಅಂಥ ಜೆರಾಲ್ಡೀನ್ ಒಬ್ಬರು ಸಿಗಲಿಲ್ಲ. ಅವರ ಕೈಯ ಗುರುತು ಉಳಿದಿರುವುದು ೧೯೨೪ರ ಆ ಮರಾಠಿ ಬೈಬಲಿನ ಪುಟಗಳಲ್ಲಿ, ಬೇರೊಬ್ಬರ ಮಾತುಗಳ ಸಾಲುಗಳಾಗಿ.